ಹಿಮದ ನಾಡಿನ ಬ್ಯಾಕ್ಟೀರಿಯಾಗಳಿಗೆ ಬಣ್ಣವೇಕೆ?

ಪ್ರಶ್ನೆ: ಅಂಟಾರ್ಕ್ಟಿಕಾದ ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಾಗಳ ಚಿತ್ರವೊಂದನ್ನು ನೋಡಿದೆ. ಗಾಜಿನ ತಟ್ಟೆಯ ತುಂಬ ಹಳದಿ, ಕಿತ್ತಳೆ, ಗುಲಾಬಿ ಚುಕ್ಕೆಗಳು. ನೋಡುವವರೇ ಇಲ್ಲದ ಜಾಗದಲ್ಲಿ ಅವಕ್ಕೆ ಬಣ್ಣದಿಂದ ಏನು ಪ್ರಯೋಜನ?
– ಓದುಗರೊಬ್ಬರು, ಸಾಗರ

ಉತ್ತರ: ಹೂವಿನ ಬಣ್ಣ ದುಂಬಿಯನ್ನು ಕರೆಯುತ್ತದೆ. ಈ ಬ್ಯಾಕ್ಟೀರಿಯಾಗಳ ವರ್ಣದ್ರವ್ಯಕ್ಕೆ ಅಂಥ ಕೆಲಸವಿಲ್ಲ; ಜೀವ ಉಳಿಸಿಕೊಳ್ಳಲು ಅವು ತಯಾರಿಸುವ ರಾಸಾಯನಿಕಗಳು ನಮ್ಮ ಕಣ್ಣಿಗೆ ಬಣ್ಣವಾಗಿ ಕಾಣುತ್ತವೆ, ಅಷ್ಟೆ. ಅವುಗಳಲ್ಲಿ ಹೆಚ್ಚಿನವು ಕೆರೋಟಿನಾಯ್ಡ್‌ಗಳೆಂಬ ಗುಂಪಿಗೆ ಸೇರಿದವು.

ಅಂಟಾರ್ಕ್ಟಿಕಾದ ಬೇಸಿಗೆಯಲ್ಲಿ ಸೂರ್ಯ ಮುಳುಗದ ದಿನಗಳಿರುತ್ತವೆ. ಹಿಮವು ಬೆಳಕನ್ನು ಪ್ರತಿಫಲಿಸುತ್ತದೆ. ವಸಂತದಲ್ಲಿ ಓಜೋನ್ ಪದರ ತೆಳುವಾದಾಗ ನೇರಳಾತೀತ ಕಿರಣಗಳ ಹೊಡೆತವೂ ಹೆಚ್ಚುತ್ತದೆ. ಇಂಥ ಬೆಳಕಿನಿಂದ ಜೀವಕೋಶದೊಳಗೆ ಹುಟ್ಟುವ, ಡಿಎನ್‌ಎ ಮತ್ತು ಕೊಬ್ಬಿನ ಅಣುಗಳನ್ನು ಹಾಳುಗೆಡವುವ ಚುರುಕು ಆಮ್ಲಜನಕದ ರೂಪಗಳನ್ನು ಕೆರೋಟಿನಾಯ್ಡ್‌ಗಳು ತಣಿಸುತ್ತವೆ.

ಇದಕ್ಕಿಂತ ನನಗೆ ಹೆಚ್ಚು ಸ್ವಾರಸ್ಯಕರವೆನಿಸುವುದು ಅವುಗಳ ಎರಡನೆಯ ಕೆಲಸ. ಬ್ಯಾಕ್ಟೀರಿಯಾದ ಹೊರಪೊರೆ ಕೊಬ್ಬಿನ ಅಣುಗಳಿಂದಾದದ್ದು. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ಈ ಪೊರೆಯೂ ಶೀತದಲ್ಲಿ ಬಿಗಿಯುತ್ತದೆ. ಅದನ್ನು ತಡೆಯಲು ಬ್ಯಾಕ್ಟೀರಿಯಾಗಳು ತಣ್ಣಗಿದ್ದರೂ ಗಟ್ಟಿಯಾಗದ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಹೆಚ್ಚಾಗಿ ಸೇರಿಸಿಕೊಳ್ಳುತ್ತವೆ. ಆದರೆ ಪೊರೆ ತೀರ ಸಡಿಲವಾದರೆ ಒಳಗಿನದು ಸೋರಿಹೋಗುತ್ತದೆ. ಪೊರೆಯ ನಡುವೆ ನಾಟಿಕೊಳ್ಳುವ ಕೆಲವು ಕೆರೋಟಿನಾಯ್ಡ್‌ಗಳು ಅದಕ್ಕೆ ಬೇಕಾದಷ್ಟು ಬಿಗಿ ಕೊಟ್ಟು ಸಮತೋಲ ಕಾಯುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ.

ಈ ವಿವರಣೆಯ ಹಿಂದೆ ನಮ್ಮ ದೇಶದವರದೇ ಕೆಲಸವಿದೆ ಎನ್ನುವುದನ್ನು ಹೆಮ್ಮೆಯಿಂದಲೇ ಹೇಳಬೇಕು. ಅಂಟಾರ್ಕ್ಟಿಕಾದಲ್ಲಿ ಭಾರತದ ಮೈತ್ರಿ ಸಂಶೋಧನಾ ನೆಲೆಯಿರುವ ಶಿರ್ಮಾಕರ್ ಓಯಸಿಸ್ ಎಂಬ ಹಿಮರಹಿತ ಕಲ್ಲುನೆಲದ ಮಣ್ಣಿನಿಂದ ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಸಂಸ್ಥೆಯ ಎಸ್. ಶಿವಾಜಿ ಮತ್ತು ಸಂಗಡಿಗರು ಹಳದಿ ಬಣ್ಣದ ಹೊಸ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿ, 1992ರಲ್ಲಿ ಅದಕ್ಕೆ ಸ್ಫಿಂಗೋಬ್ಯಾಕ್ಟೀರಿಯಂ ಅಂಟಾರ್ಕ್ಟಿಕಸ್ ಎಂದು ಹೆಸರಿಟ್ಟರು. ಅದರ ಬಣ್ಣವನ್ನು ಬಿಡಿಸಿ ನೋಡಿದಾಗ ಸಿಕ್ಕಿದ್ದು ಝಿಯಾಕ್ಸಾಂಥಿನ್, ಬೀಟಾ ಕ್ರಿಪ್ಟೋಕ್ಸಾಂಥಿನ್ ಮತ್ತು ಬೀಟಾ ಕೆರೋಟಿನ್ ಎಂಬ ಕೆರೋಟಿನಾಯ್ಡ್‌ಗಳು. ಮೊದಲನೆಯದು ಮುಸುಕಿನ ಜೋಳದ ಹಳದಿಯಲ್ಲೂ ಕೊನೆಯದು ಗಜ್ಜರಿಯಲ್ಲೂ ಇವೆ! 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದ್ದಕ್ಕಿಂತ 5 ಡಿಗ್ರಿಯಲ್ಲಿ ಬೆಳೆಸಿದ ಕೋಶಗಳಲ್ಲಿ, ಪೊರೆಗೆ ಚೆನ್ನಾಗಿ ಅಂಟುವ ಬಗೆಯ ವರ್ಣದ್ರವ್ಯಗಳ ಪಾಲು ಹೆಚ್ಚಿತ್ತು. ಚಳಿಗೂ ಬಣ್ಣಕ್ಕೂ ನಂಟಿದೆ ಎನ್ನಲು ಇದು ಒಳ್ಳೆಯ ಆಧಾರ.

ಪ್ರಶ್ನೆ: ಹಿಮ ಕೆಂಪಾಗುವುದೂ ಬ್ಯಾಕ್ಟೀರಿಯಾದಿಂದಲೇ?
– ಓದುಗರೊಬ್ಬರು, ಹಾಸನ

ಉತ್ತರ: ಸಾಮಾನ್ಯವಾಗಿ ಅಲ್ಲ. ಪರ್ವತಗಳ ಕರಗುವ ಹಿಮದಲ್ಲಿ ಕಾಣುವ ಕೆಂಪು, ಅಸ್ಟಾಕ್ಸಾಂಥಿನ್ ಎಂಬ ಕೆಂಪು ಕೆರೋಟಿನಾಯ್ಡ್ ತುಂಬಿಕೊಂಡ ಸೂಕ್ಷ್ಮ ಪಾಚಿಗಳದು. ಅಂಟಾರ್ಕ್ಟಿಕಾದ ಟೇಲರ್ ಹಿಮನದಿಯಿಂದ ಹರಿಯುವ ಪ್ರಸಿದ್ಧ ‘ರಕ್ತ ಜಲಪಾತ’ದ ಬಣ್ಣವಂತೂ ಜೀವಿಗಳ ವರ್ಣದ್ರವ್ಯವೇ ಅಲ್ಲ, ಹಿಮದಡಿಯ ಉಪ್ಪುನೀರಿನಲ್ಲಿರುವ ಕಬ್ಬಿಣವು ಗಾಳಿ ತಾಗಿ ತುಕ್ಕಿನ ಬಣ್ಣಕ್ಕೆ ತಿರುಗುವುದು.

ಪ್ರಶ್ನೆ: ನಾವು ರೇಷ್ಮೆ ನೂಲಿನ ಕೆಲಸದವರು. ಇಂಥ ಬಣ್ಣಗಳನ್ನು ನೂಲಿಗೆ ಹಾಕಬಹುದೇ?
– ಓದುಗರೊಬ್ಬರು, ರಾಮನಗರ

ಉತ್ತರ: ಹಾಕಬಹುದು, ಹಾಕಿ ನೋಡಿದ್ದೂ ಆಗಿದೆ. ಜಾಂಥಿನೋಬ್ಯಾಕ್ಟೀರಿಯಂ ಲಿವಿಡಮ್ ಎಂಬ ಬ್ಯಾಕ್ಟೀರಿಯಾ ತಂಪು ನೀರಿನಲ್ಲಿ, ಮಣ್ಣಿನಲ್ಲಿ, ಹಿಮನದಿಗಳಲ್ಲಿ ಸಿಗುತ್ತದೆ. ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದ ಎರಡೆರಡು ಅಣುಗಳನ್ನು ಬೆಸೆದು ಅದು ವಯಲಾಸೀನ್ ಎಂಬ ಗಾಢ ನೇರಳೆ ವರ್ಣದ್ರವ್ಯವನ್ನು ತಯಾರಿಸುತ್ತದೆ. ಜಪಾನಿನ ಸಂಶೋಧಕರು ಈ ಬ್ಯಾಕ್ಟೀರಿಯಾವನ್ನು ರೇಷ್ಮೆ ನೂಲಿನ ಮೇಲೆಯೇ ಕಂಡು, ಅದರ ಬಣ್ಣದಿಂದ ರೇಷ್ಮೆ, ಉಣ್ಣೆ, ಹತ್ತಿ, ನೈಲಾನ್‌ಗಳನ್ನು ಅದ್ದಿ ನೋಡಿದ ಫಲಿತಾಂಶಗಳನ್ನು 2000ದಲ್ಲಿ ಪ್ರಕಟಿಸಿದರು. ವಯಲಾಸೀನ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದನ್ನು ಮದ್ಯಸಾರದಂಥ ದ್ರಾವಕದಲ್ಲಿ ತೆಗೆಯಬೇಕಾಗುತ್ತದೆ. ನೂಲಿಗೆ ಬಣ್ಣವೇನೋ ಚೆನ್ನಾಗಿ ಹಿಡಿಯಿತು, ಆದರೆ ಬಿಸಿಲಿಗೆ ಮಾಸಿತು. ಮದುವೆಯ ಸೀರೆಗೆ ಇದು ದೊಡ್ಡ ಕೊರತೆಯೇ ಸರಿ.

ಇನ್ನೊಂದು ತೊಡಕು ಖರ್ಚಿನದು. ಶೀತದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ. ನಮ್ಮ ಸೆಖೆಯಲ್ಲಿ ತೊಟ್ಟಿಗಳನ್ನು ತಣ್ಣಗಿಡಲು ವಿದ್ಯುತ್ ಬೇಕು. ಆದ್ದರಿಂದಲೇ ಬಣ್ಣ ತಯಾರಿಸುವ ಜೀನ್‌ಗಳನ್ನು ಬೇಗ ಬೆಳೆಯುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ ವಯಲಾಸೀನ್ ಪಡೆಯುವ ಪ್ರಯತ್ನಗಳು ನಡೆದಿವೆ. ‘ನೈಸರ್ಗಿಕ’ ಎಂದ ಮಾತ್ರಕ್ಕೆ ನಿರಪಾಯಕಾರಿ ಎಂದು ತಿಳಿಯಬೇಡಿ: ವಯಲಾಸೀನ್ ಇತರ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲದು. ಹೀಗಾಗಿ ಬಟ್ಟೆಯ ಮಾತು ಬೇರೆ, ತಿನಿಸಿನ ಮಾತು ಬೇರೆ. ಆಹಾರಕ್ಕೆ ಯಾವುದೇ ಹೊಸ ಬಣ್ಣ ಬೆರೆಸಬೇಕಾದರೂ ಮೊದಲು ಸುರಕ್ಷತಾ ಪರೀಕ್ಷೆಗಳಾಗಿ ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿ ಸಿಗಬೇಕು.