ಹೆಸರು ಕೊನೆಯ ಪುಟದಲ್ಲೇ ಇರಲಿ

ಪತ್ರ: ಮಾನ್ಯ ಸಂಪಾದಕರೇ, ಕಥಾ ವಿಶೇಷಾಂಕದಲ್ಲಿ ಕಥೆಗಳ ಜೊತೆ ಲೇಖಕರ ಹೆಸರೇ ಇಲ್ಲ, ಎಲ್ಲ ಹೆಸರೂ ಕೊನೆಯ ಪುಟದಲ್ಲಿವೆ. ಬರೆದವರು ಯಾರು ಅಂತ ಗೊತ್ತಿಲ್ಲದೆ ಓದೋದು ಹೇಗೆ? ದೊಡ್ಡವರ ಕಥೆ ಯಾವುದು, ಹೊಸಬರದ್ದು ಯಾವುದು ಅಂತ ಮೊದಲೇ ತಿಳಿದರೆ ಅನುಕೂಲ.
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಬೇಕಂತಲೇ ಹಾಗೆ ಮಾಡಿದ್ದು ಸ್ವಾಮಿ, ಪ್ರೆಸ್ಸಿನವರ ತಪ್ಪಲ್ಲ. ಓದೋಕೆ ಸಿಗುವ ಹೊತ್ತು ಕಡಿಮೆ, ಹಿಂದೆ ಚೆನ್ನಾಗಿ ಬರೆದವರನ್ನು ನಂಬಿ ಮೊದಲು ಅವರದ್ದನ್ನೇ ತೆರೆಯುತ್ತೇವೆ. ಅದು ಸರಿ, ಒಪ್ಪಿದೆ. ಆದರೆ ನೀವು ಕೇಳುತ್ತಿರುವುದು ಅದಲ್ಲ ಅಲ್ವಾ? ಕಥೆಯನ್ನು ಎಷ್ಟು ಮೆಚ್ಚಬೇಕು ಅನ್ನೋದು ಓದುವ ಮುಂಚೆಯೇ ಗೊತ್ತಾಗಬೇಕು ನಿಮಗೆ.

ವಿಯೆನ್ನಾದಲ್ಲಿ ಹುಟ್ಟಿದ ಫ್ರಿಟ್ಸ್ ಕ್ರೈಸ್ಲರ್ ಜಗತ್ತಿಗೇ ದೊಡ್ಡ ಪಿಟೀಲುವಾದಕ. ಕಚೇರಿಯಲ್ಲಿ ಹಳೆಯ ಸಂಗೀತಗಾರರ ಕೃತಿಗಳು ಅಂತ ಹೇಳಿ ಎಷ್ಟೋ ರಚನೆಗಳನ್ನು ನುಡಿಸುತ್ತಿದ್ದರು. ಅವು ಅವರದೇ ರಚನೆಗಳು! ಕಾರ್ಯಕ್ರಮದ ತುಂಬಾ ತನ್ನ ಹೆಸರೇ ಇದ್ದರೆ ಚೆನ್ನಾಗಿರಲ್ಲ ಅಂತ ಹಾಗೆ ಮಾಡಿದ್ದರಂತೆ. ಒಮ್ಮೆ ಬರ್ಲಿನ್ನಿನ ವಿಮರ್ಶಕರೊಬ್ಬರು, ವಿಯೆನ್ನಾದ ಹಳೆಯ ಸಂಗೀತಗಾರ ಲಾನರ್ ಅವರ ಅಷ್ಟು ಚೆಂದದ ಕೃತಿಗಳ ಪಕ್ಕ ನಿಮ್ಮ ಸ್ವಂತ ರಚನೆ ಇಡಬಾರದಿತ್ತು ಅಂತ ಬೈದು ಬರೆದರು. ಲಾನರ್ ಅವರದ್ದು ಅಂದುಕೊಂಡು ಹೊಗಳಿದ್ದೂ ಕ್ರೈಸ್ಲರ್ ಬರೆದದ್ದೇ. 1935ರಲ್ಲಿ ಉಳಿದವುಗಳ ಗುಟ್ಟೂ ಹೊರಬಿತ್ತು, ಕೆಲವು ವಿಮರ್ಶಕರು ಕೆಂಡವಾದರು. ವರ್ಷಗಟ್ಟಲೆ ಕೇಳಿ ತಲೆದೂಗಿದ ಸ್ವರಗಳಲ್ಲಿ ಒಂದಾದರೂ ಬದಲಾಗಿತ್ತೇ? ಸುಳ್ಳು ಹೇಳಿದ್ದು ತಪ್ಪು ಅಂತ ಬೇಕಾದರೆ ಹೇಳಿ, ನಾನು ವಾದ ಮಾಡಲ್ಲ. ಸಂಗೀತ ಕೆಟ್ಟದ್ದು ಅಂತ ಮಾತ್ರ ಹೇಳಬೇಡಿ.

ಬರ್ಲಿನ್ನಿನದೇ ಇನ್ನೊಂದು ಕಥೆ ಇದಕ್ಕಿಂತ ಜಾಸ್ತಿ ಸಂಕಟ ಕೊಡುತ್ತದೆ. ಅಲ್ಲಿನ ಸಂಗ್ರಹಾಲಯದಲ್ಲಿ ಚಿನ್ನದ ಶಿರಸ್ತ್ರಾಣ ಹಾಕಿದ ಒಬ್ಬ ಮುದುಕನ ಚಿತ್ರವಿದೆ. ಮುಖ ನೆರಳಿನಲ್ಲಿ, ಬೆಳಕೆಲ್ಲ ಶಿರಸ್ತ್ರಾಣದ ಮೇಲೆ. ಅಲ್ಲಿ ಬಣ್ಣವನ್ನು ಎಷ್ಟು ದಪ್ಪವಾಗಿ ಮೆತ್ತಿದ್ದಾರೆ ಅಂದರೆ ಲೋಹದ ಉಬ್ಬುತಗ್ಗು ಕೈಗೆ ಸಿಗುತ್ತದೇನೋ ಅನ್ನಿಸುತ್ತದೆ. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದದ್ದು ಅಂತ ಜರ್ಮನಿಯ ಎಷ್ಟೋ ಮನೆಗಳ ಗೋಡೆಯಲ್ಲಿ ಇದರ ಪ್ರತಿ ತೂಗುತ್ತಿತ್ತು. 1980ರ ದಶಕದಲ್ಲಿ ತಜ್ಞರು ಪರೀಕ್ಷೆ ಮಾಡಿ, ಇದು ರೆಂಬ್ರಾಂಟ್ ಕೈಯದಲ್ಲ, ಅವರ ಬಳಗದ ಯಾರೋ ಬರೆದದ್ದು ಅಂದರು. ಅಷ್ಟೇ, ಚಿತ್ರದ ಮರ್ಯಾದೆ ಇಳಿಯಿತು. ಆ ಮುದುಕನ ಮುಖದ ನೆರಳು ಮೊದಲಿನಷ್ಟೇ ಆಳವಾಗಿದೆ, ನೋಡುವವರ ಮನಸ್ಸು ಬದಲಾಯಿತು. ಅಷ್ಟು ಚೆಂದವಾಗಿ ಬರೆದ ಆ ಇನ್ನೊಬ್ಬ ಯಾರು ಅಂತ ಕೇಳುವ ಕುತೂಹಲವಾದರೂ ಬೇಡವೇ? ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ನಮ್ಮಲ್ಲೂ ಅಷ್ಟೇ. ಹನ್ನೆರಡು ಸಾಲಿನ ಕವಿತೆ ಕಳಿಸುತ್ತಾರೆ, ಜೊತೆಗೆ ಎರಡು ಪುಟ ಪ್ರಶಸ್ತಿಗಳ ಪಟ್ಟಿ. ಹೊಸ ಪುಸ್ತಕ ಕೈಗೆ ಕೊಟ್ಟರೆ ಮೊದಲು ಮುನ್ನುಡಿ ಯಾರದ್ದು, ಬಿಡುಗಡೆಗೆ ಯಾರು ಬಂದಿದ್ದರು ಅಂತ ಕೇಳುತ್ತಾರೆ. ಹಳ್ಳಿಯಲ್ಲಿ ಕೂತು, ಯಾರ ಪರಿಚಯವೂ ಇಲ್ಲದೆ ಬರೆಯುವ ಹುಡುಗಿಯ ಕಥೆಗೆ ಆಮೇಲೆ ಯಾರ ಕಣ್ಣು ಉಳಿದಿರುತ್ತದೆ ಹೇಳಿ? ದೊಡ್ಡವರಿಗೂ ಇದು ಅನ್ಯಾಯವೇ. ಅವರ ಸಪ್ಪೆ ಕಥೆಯನ್ನು ಸಪ್ಪೆ ಅನ್ನುವವರೇ ಇಲ್ಲದೆ, ಕೆಲವರು ಬರೆದದ್ದನ್ನೇ ತಿರುಗಿ ತಿರುಗಿ ಬರೆಯುತ್ತಿದ್ದಾರೆ.

ನೀವು ಶ್ರದ್ಧೆಯಿಂದ ಓದುವವರು, ಇಲ್ಲದಿದ್ದರೆ ಪತ್ರ ಬರೆಯುವ ಕಷ್ಟ ತಗೊಳ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಮುಂದಿನ ವಿಶೇಷಾಂಕದಲ್ಲೂ ಹೆಸರುಗಳು ಕೊನೆಯಲ್ಲೇ ಇರುತ್ತವೆ. ಆ ಪುಟ ತೆಗೆಯುವ ಮೊದಲು ಯಾವ ಕಥೆ ಹಿಡಿಸಿತು, ಯಾವುದು ಬೇಸರ ತಂತು ಅಂತ ಬರೆದು ಕಳಿಸಿ. ಹಾಗೇ ಪ್ರಕಟಿಸುತ್ತೇನೆ.