ಯುರೋಪಿನಿಂದ ಬ್ರಿಟನ್‌ಗೆ ಗೂಡ್ಸ್ ರೈಲು ನೇರವಾಗಿ ಹೋಗತ್ತಾ? ಹೋಗೋದಾದ್ರೆ ಲಾರಿಗಳೇ ಯಾಕೆ ಜಾಸ್ತಿ?

ಹೋಗತ್ತೆ. 1994ರಲ್ಲಿ ಚಾನೆಲ್ ಟನಲ್ (ಇಂಗ್ಲೆಂಡ್, ಫ್ರಾನ್ಸ್ ನಡುವೆ ಸಮುದ್ರದ ಅಡಿಯಲ್ಲಿರೋ ರೈಲು ಸುರಂಗ) ಓಪನ್ ಆದಾಗಿಂದ ಸ್ಟೀಲು, ಕಂಟೇನರು ಎಲ್ಲಾ ರೈಲಲ್ಲೂ ದಾಟ್ತಿವೆ, ಅದಕ್ಕೂ ಮುಂಚೆ ವ್ಯಾಗನ್‌ಗಳನ್ನೇ ಹಡಗಿಗೆ ಹತ್ತಿಸಿ ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಡಂಕರ್ಕ್‌ಗೆ ಸಾಗಿಸ್ತಿದ್ರು. ಹಳಿ ಅಗಲ ಎರಡೂ ಕಡೆ ಒಂದೇ, 1435 ಮಿ.ಮೀ. ತೊಂದರೆ ಇರೋದು ಮೇಲುಗಡೆ.

ಬ್ರಿಟನ್ನಿನವ್ರು ರೈಲ್ವೆ ಕಟ್ಟೋದ್ರಲ್ಲಿ ಎಲ್ಲರಿಗಿಂತ ಮೊದಲು, ಹಂಗಾಗಿ ಅಲ್ಲಿನ ಹಳೇ ಸೇತುವೆ ಸುರಂಗಗಳೆಲ್ಲಾ ಇಕ್ಕಟ್ಟು, ಫ್ರಾನ್ಸ್‌ನಲ್ಲಿ ಆರಾಮಾಗಿ ಓಡಾಡೋ ಎತ್ತರದ ವ್ಯಾಗನ್ ಎಷ್ಟೋ ಇಂಗ್ಲೆಂಡಿನ ಮಾಮೂಲಿ ಲೈನಲ್ಲಿ ಹಿಡಿಸೋದೇ ಇಲ್ಲ. ಸ್ಟೀಲ್ ಕಾಯಿಲ್‌ಗೆ (ಸುರುಳಿ ಸುತ್ತಿದ ಸ್ಟೀಲ್ ಹಾಳೆ) ಈ ರಗಳೆ ಕಮ್ಮಿ, ತೂಕ ಜಾಸ್ತಿ ಆದ್ರೂ ಎತ್ತರ ಇರಲ್ಲ ನೋಡಿ. ಎತ್ತರದ ಕಂಟೇನರ್ ಆದ್ರೆ ತಗ್ಗಿನ ವ್ಯಾಗನ್ನೇ ಬೇಕು. ಇಂಜಿನ್ನೂ ಅಷ್ಟೇ, ಟನಲ್ ಒಳಗೆ 25,000 ವೋಲ್ಟ್ ತಂತಿ, ಟನಲ್ ಇರೋ ಇಂಗ್ಲೆಂಡಿನ ಮೂಲೇಲಿ ಹಳಿ ಪಕ್ಕ ಕರೆಂಟ್ ಕೊಡೋ 750 ವೋಲ್ಟಿನ ಮೂರನೇ ಹಳಿ, ಎರಡಕ್ಕೂ ಒಗ್ಗೋ ಹಾಗೆ ಕ್ಲಾಸ್ 92 ಅಂತ ಬೇರೆ ಇಂಜಿನ್ನೇ ಮಾಡಿಸ್ಬೇಕಾಯ್ತು. ಇದ್ರ ಮೇಲೆ ಟನಲ್ ಬಾಡಿಗೆ, ಸೆಕ್ಯುರಿಟಿ ಚೆಕ್, ಕಸ್ಟಮ್ಸು.

ಲಾರಿಯವ್ನಿಗೂ ಟನಲ್ ದುಡ್ಡು, ಕಸ್ಟಮ್ಸು ಇದ್ದದ್ದೇ, ಆದ್ರೆ ಸೇತುವೆ ಎತ್ತರ, ಇಂಜಿನ್ನಿನ ತಲೆನೋವು ಇಲ್ಲ, ಇಂಗ್ಲೆಂಡಿನ ಕಡೆ ಫೋಕ್‌ಸ್ಟನ್‌ನಲ್ಲಿ ಲಾರಿ ಸಮೇತ ಟನಲ್‌ನ ಶಟಲ್ ರೈಲು ಹತ್ತಿದ್ರೆ ಸುಮಾರು 35 ನಿಮಿಷಕ್ಕೆ ಫ್ರಾನ್ಸ್, ಹಂಗೇ ಇಳಿದು ಫ್ಯಾಕ್ಟರಿ ಗೇಟಿನ ತನಕ ಹೋಗ್ತಾನೆ. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಲಾರಿ ಹಿಂಗೇ ದಾಟ್ತವೆ, ಅಂದ್ರೆ ಟನಲ್‌ನಲ್ಲಿ ನಿಜವಾಗ್ಲೂ ದುಡೀತಿರೋದು ಲಾರಿ ಹೊರೋ ರೈಲೇ.