ಪ್ರೈವೇಟ್ ಸ್ಕೂಲಿಗೆ ಹಾಕಿದ್ರೆ ಐವಿ ಲೀಗ್ ಸಿಗತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರೋದು ನ್ಯೂಜೆರ್ಸಿ, ಮಗಳು ಈಗ ಎಂಟನೇ ಕ್ಲಾಸು. ನಮ್ಮ ಟೌನಿನ ಪಬ್ಲಿಕ್ ಹೈಸ್ಕೂಲು ಚೆನ್ನಾಗೇ ಇದೆ. ಆದ್ರೆ ಒಂದು ದೊಡ್ಡ ಹೆಸರಿನ ಪ್ರೈವೇಟ್ ಸ್ಕೂಲಲ್ಲಿ ಅವಳಿಗೆ ಸೀಟು ಸಿಕ್ಕಿಬಿಟ್ಟಿದೆ, ಫೀಸು ವರ್ಷಕ್ಕೆ 50 ಸಾವಿರ ಡಾಲರ್. ಅವರ ವೆಬ್‌ಸೈಟಲ್ಲಿ ಅವರ ಮಕ್ಕಳಿಗೆ ಸಿಕ್ಕ ಕಾಲೇಜು ಅಂತ ಹಾರ್ವರ್ಡ್, ಪ್ರಿನ್ಸ್‌ಟನ್, ಕಾರ್ನೆಲ್, ಹೀಗೆ ಐವಿ ಲೀಗ್ (ಅಮೆರಿಕದ ಎಂಟು ಹೆಸರಾಂತ ಯೂನಿವರ್ಸಿಟಿಗಳ ಗುಂಪು) ಹೆಸರುಗಳ ಉದ್ದ ಲಿಸ್ಟು ಹಾಕಿದಾರೆ. ನಮ್ಮ ಯಜಮಾನರು ನಾಲ್ಕು ವರ್ಷ ಹೊಟ್ಟೆಬಟ್ಟೆ ಕಟ್ಟಿದ್ರೆ ಆಯ್ತು, ಆಮೇಲೆ ಚಿಂತೆ ಇಲ್ಲ ಅಂತಾರೆ. ನನಗ್ಯಾಕೋ ಧೈರ್ಯ ಬರ್ತಿಲ್ಲ. ಏನು ಮಾಡೋಣ?
– ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಮೊದಲು ಆ ಲಿಸ್ಟಿನ ವಿಷಯ ಮಾತಾಡೋಣ ಅಮ್ಮಾ, ಯಾಕಂದ್ರೆ ನಿಮ್ಮ ಮನೆಯವರು ನಂಬಿರೋದು ಅದನ್ನೇ, ಹತ್ತು ವರ್ಷದ ಹಿಂದೆ ನಾವೂ ಅದನ್ನೇ ನಂಬಿ ಮಗನ್ನ ಅಂಥದ್ದೇ ಸ್ಕೂಲಿಗೆ ಸೇರಿಸಿದ್ವಿ. ಆ ಲಿಸ್ಟು ಸುಳ್ಳಲ್ಲ. ಆದ್ರೆ ತುಂಬಾ ಸ್ಕೂಲುಗಳು ಒಂದೇ ವರ್ಷದ್ದು ಹಾಕಲ್ಲ, ಮೂರು ವರ್ಷ ಐದು ವರ್ಷದ್ದು ಸೇರಿಸಿ ಹಾಕ್ತಾರೆ, ಅದನ್ನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ನಾವು ಕಾಲೇಜಿನ ಹೆಸರು ನೋಡೋ ಖುಷೀಲಿ ಅಲ್ಲಿಗೆ ಕಣ್ಣು ಹಾಯಿಸೋದೇ ಇಲ್ಲ. ಇನ್ನೂ ಮುಖ್ಯವಾದದ್ದು, ಯಾರಿಗೆ ಸಿಕ್ತು ಅಂತ ಇರತ್ತೆ, ಯಾಕೆ ಸಿಕ್ತು ಅಂತ ಇರಲ್ಲ.

ಮಗ ಹನ್ನೊಂದನೇ ಕ್ಲಾಸಲ್ಲಿದ್ದಾಗ ಕಾಲೇಜ್ ಕೌನ್ಸೆಲರ್ ನಮ್ಮನ್ನ ಕೂರಿಸಿ ಕಂಪ್ಯೂಟರಲ್ಲಿ ಒಂದು ಗ್ರಾಫ್ ತೋರಿಸಿದ್ರು, ಸ್ಕ್ಯಾಟರ್‌ಗ್ರಾಮ್ ಅಂತಾರೆ ಅದಕ್ಕೆ. ಒಂದು ಕಡೆ ಜಿಪಿಎ, ಅಂದ್ರೆ ಹೈಸ್ಕೂಲಿನ ಮಾರ್ಕಿನ ಸರಾಸರಿ, ಇನ್ನೊಂದು ಕಡೆ ಕಾಲೇಜ್ ಸೇರೋಕೆ ಬರೆಯೋ ಸ್ಯಾಟ್ ಪರೀಕ್ಷೆಯ ಸ್ಕೋರು, ಹಿಂದಿನ ವರ್ಷಗಳ ಮಕ್ಕಳೆಲ್ಲ ಒಂದೊಂದು ಚುಕ್ಕಿ, ಸಿಕ್ಕಿದವರಿಗೆ ಹಸಿರು, ಸಿಗದವರಿಗೆ ಕೆಂಪು. ಮೇಲೆ ಬಲಗಡೆ ಮೂಲೇಲಿ, ಅಂದ್ರೆ ಎಲ್ಲದರಲ್ಲೂ ಮುಂದಿರೋ ಮಕ್ಕಳ ಜಾಗದಲ್ಲಿ, ಹಸಿರು ಕೆಂಪು ಒಂದರ ಮೇಲೊಂದು ಬಿದ್ದು ಕಲಸಿಹೋಗಿತ್ತು, ಅದರಲ್ಲೂ ಕೆಂಪೇ ಜಾಸ್ತಿ. ದೂರದಲ್ಲಿ ಕೆಳಗೆ ಎಡಗಡೆ ಒಂಟಿಯಾಗಿ ಒಂದು ಹಸಿರು ಚುಕ್ಕಿ. ನನ್ನ ಮಗ ಅದರ ಮೇಲೆ ಬೆರಳಿಟ್ಟು ಇವನಿಗೆ ಹೇಗೆ ಸಿಕ್ತು ಅಂದ. ಕೌನ್ಸೆಲರ್ ಹೆಸರು ಹೇಳಲಿಲ್ಲ, ಹೇಳಬಾರದು ಕೂಡ, ಆದ್ರೆ ಇಂಥ ಚುಕ್ಕಿ ಕಂಡ್ರೆ ಸಾಮಾನ್ಯವಾಗಿ ಸ್ಪೋರ್ಟ್ಸಿಗೆ ಕಾಲೇಜಿನವರೇ ಆರಿಸ್ಕೊಂಡ ಮಗು ಅಂದ್ಕೊಳ್ಳಿ, ನಿಮ್ಮ ಲೆಕ್ಕಕ್ಕೆ ಅದನ್ನ ತಗೋಬೇಡಿ ಅಂದ್ರು. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ಮಾರ್ಕು ಬಿಟ್ಟು ಅಡ್ಮಿಷನ್ನಿಗೆ ಒತ್ತಾಸೆ ಕೊಡೋ ಇಂಥ ವಿಷಯಕ್ಕೆ ಅಲ್ಲಿ ಹುಕ್ ಅಂತಾರೆ. ಅಪ್ಪ ಅಮ್ಮ ಅದೇ ಕಾಲೇಜಲ್ಲಿ ಓದಿದ್ರೆ ಲೆಗಸಿ, ಕಾಲೇಜಿನವರೇ ಕರೆದ ಆಟಗಾರ, ದೊಡ್ಡ ದಾನ ಕೊಟ್ಟ ಮನೆ, ಅಲ್ಲಿನ ಪ್ರೊಫೆಸರ್ ಮಕ್ಕಳು. ಅಡ್ಮಿಷನ್ ವಿಷಯಕ್ಕೆ ಹಾರ್ವರ್ಡ್ ಮೇಲೆ ನಡೆದ ಕೇಸಲ್ಲಿ ಹೊರಬಂದ ದಾಖಲೆ ನೋಡಿದ ಅರ್ಥಶಾಸ್ತ್ರಜ್ಞರು ಹೇಳಿದ ಲೆಕ್ಕ ಇದು: ಅಡ್ಮಿಷನ್ ಸಿಕ್ಕಿದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕಿಂತ ಜಾಸ್ತಿ ಜನ ಈ ನಾಲ್ಕರಲ್ಲಿ ಒಂದು ಗುಂಪಿನವರು, ಏಷ್ಯನ್ ಮೂಲದ ಮಕ್ಕಳಲ್ಲಿ ಅದು ಶೇ. 16ಕ್ಕಿಂತ ಕಮ್ಮಿ. ಇಂಥ ಮಕ್ಕಳು ಹೆಸರುವಾಸಿ ಪ್ರೈವೇಟ್ ಸ್ಕೂಲುಗಳಲ್ಲಿ ಜಾಸ್ತಿ ಇರ್ತಾರೆ, ಹಾಗಾಗಿ ಆ ಲಿಸ್ಟಿನ ಒಂದು ಭಾಗ ಸ್ಕೂಲು ಕಲಿಸಿದ್ದರಿಂದ ಬಂದದ್ದಲ್ಲ, ಒಳಗೆ ಬರುವಾಗಲೇ ಮಕ್ಕಳು ಕೈಲಿ ಹಿಡ್ಕೊಂಡು ಬಂದದ್ದು. ನಾವಿಬ್ರೂ ಇಂಡಿಯಾದಲ್ಲಿ ಓದಿದವರು, ನೀವೂ ಬಹುಶಃ ಹಾಗೇ, ನಮ್ಮ ಮಕ್ಕಳಿಗೆ ಲೆಗಸಿ ಎಲ್ಲಿಂದ ಬರಬೇಕು.

ಹಂಗಂತ ಪ್ರೈವೇಟ್ ಸ್ಕೂಲಿಂದ ಏನೂ ಲಾಭ ಇಲ್ಲ ಅಂತ ನಾನು ಹೇಳಲ್ಲ, ಹೇಳಿದ್ರೆ ಅದು ತಪ್ಪಾಗತ್ತೆ. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತೆ ಅವರ ಜೊತೆಯವರು ಎಂಟು ಐವಿ ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೊ ಸೇರಿಸಿ 12 ಕಾಲೇಜಿನ ದಾಖಲೆ ಜಾಲಾಡಿದ್ರು. ಒಂದೇ ಸ್ಯಾಟ್ ಸ್ಕೋರು ಇದ್ರೂ ತೀರಾ ಶ್ರೀಮಂತ ಶೇ. 1 ಮನೆಗಳ ಮಕ್ಕಳು ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಆ ಕಾಲೇಜುಗಳಿಗೆ ಹೋಗ್ತಾರೆ ಅಂತ ಸಿಕ್ತು. ಅವರು ಕೊಟ್ಟ ಕಾರಣ ಮೂರು: ಲೆಗಸಿ, ಸ್ಪೋರ್ಟ್ಸು, ಮತ್ತೆ ಓದಿನಾಚೆಗಿನ ವಿಷಯಕ್ಕೆ ಕಾಲೇಜಿನವರು ಕೊಡೋ ಮಾರ್ಕು. ಈ ಮೂರನೇದಿದೆಯಲ್ಲ, ಅಲ್ಲಿ ಪ್ರೈವೇಟ್ ಸ್ಕೂಲಿನ ಕೈ ಇದೆ. ಕೌನ್ಸೆಲರುಗಳ ರಾಷ್ಟ್ರೀಯ ಸಂಘ ಒಬ್ಬರಿಗೆ 250 ಮಕ್ಕಳು ಸಾಕು ಅನ್ನತ್ತೆ, ದೇಶದ ಸರಾಸರಿ 2022–23ರಲ್ಲಿ 385 ಇತ್ತು. ಅಷ್ಟು ಮಕ್ಕಳಿದ್ರೆ ಆ ಕೌನ್ಸೆಲರಿಗೆ ಮುಖ ನೆನಪಿಟ್ಕೊಳ್ಳೋದೇ ಕಷ್ಟ, ಕಾಲೇಜಿಗೆ ಏನಂತ ಶಿಫಾರಸು ಪತ್ರ ಬರೀತಾರೆ ಪಾಪ. ನಿಮಗೆ ಸೀಟು ಸಿಕ್ಕಿರೋ ಥರದ ಸ್ಕೂಲಲ್ಲಿ ಕಾಲೇಜ್ ಅಡ್ಮಿಷನ್ ನೋಡಿಕೊಳ್ಳೋಕೇ ಬೇರೆ ಜನ ಇರ್ತಾರೆ, ಒಬ್ಬೊಬ್ಬರಿಗೆ ಕೆಲವೇ ಡಜನ್ ಸೀನಿಯರ್‌ಗಳು, ಅಂದ್ರೆ ಹನ್ನೆರಡನೇ ಕ್ಲಾಸಿನ ಮಕ್ಕಳು, ಮಗು ಒಂಬತ್ತನೇ ಕ್ಲಾಸಲ್ಲಿ ಹೇಗಿತ್ತು ಹನ್ನೆರಡಕ್ಕೆ ಹೇಗಾಯ್ತು ಅಂತ ಎರಡು ಪುಟ ಬರೆಯೋಷ್ಟು ಅವರಿಗೆ ಗೊತ್ತಿರತ್ತೆ. ಅದು ದೊಡ್ಡ ವಿಷಯವೇ.

ಆದ್ರೆ ಪಕ್ಕದಲ್ಲಿ ಕೂತಿರೋರೆಲ್ಲ ಅಂಥ ಮಕ್ಕಳೇ, ಎಲ್ಲರಿಗೂ ಅಂಥದ್ದೇ ಪತ್ರ. ಒಂದೊಂದು ಏರಿಯಾದ ಅರ್ಜಿಗಳನ್ನ ಕಾಲೇಜಲ್ಲಿ ಒಬ್ಬ ಆಫೀಸರು ಓದ್ತಾರೆ, ಒಂದೇ ಸ್ಕೂಲಿಂದ ಮೂವತ್ತು ಅರ್ಜಿ ಬಂದ್ರೆ ಅವು ಒಂದರ ಪಕ್ಕ ಒಂದು ಬರೋದು ಸಹಜ, ಮೂವತ್ತೂ ಜನರನ್ನ ತಗೊಳ್ಳೋಕೆ ಆಗಲ್ಲ. ಹಾರ್ವರ್ಡ್ 2021ರಲ್ಲಿ 57,435 ಅರ್ಜಿ ನೋಡಿ 1,968 ಜನಕ್ಕೆ ಸೀಟು ಕೊಟ್ಟಿದ್ದು, ನೂರಕ್ಕೆ ಮೂರೂವರೆ ಕೂಡ ಇಲ್ಲ. ನಿಮ್ಮ ಪಬ್ಲಿಕ್ ಸ್ಕೂಲಲ್ಲಿ ಮಗಳು ಮೊದಲ ಐದರಲ್ಲಿ ಇರಬಹುದು, ಪ್ರೈವೇಟಲ್ಲಿ ಅದೇ ಮಗು ಅಷ್ಟೇ ಓದಿ ನಡುವಲ್ಲಿ ಬರಬಹುದು. ಪ್ರೈವೇಟಿನವರು ತುಂಬಾ ಜನ ರ‍್ಯಾಂಕ್ ಕೊಡಲ್ಲ, ನಿಜ, ಆದ್ರೆ ಅದೇ ಸ್ಕೂಲಿಂದ ವರ್ಷ ವರ್ಷ ಅರ್ಜಿ ಓದೋರಿಗೆ ಯಾರು ಎಲ್ಲಿ ನಿಂತಿದಾರೆ ಅಂತ ಅಂದಾಜು ಸಿಗತ್ತೆ.

ಅದಕ್ಕೆ ನನ್ನ ಮಾತು ಇಷ್ಟೇ, ಕಾಲೇಜಿಗೋಸ್ಕರ ಅಂತ ಆ ಎರಡು ಲಕ್ಷ ಡಾಲರ್ ಕಟ್ಟಬೇಡಿ. ಆ ನಾಲ್ಕು ವರ್ಷಕ್ಕೇ ಅಂತ ಕಟ್ಟೋ ಹಾಗಿದ್ರೆ ಕಟ್ಟಿ. ಹನ್ನೆರಡು ಜನ ಒಂದು ಮೇಜಿನ ಸುತ್ತ ಕೂತು ಪಾಠ ಕೇಳೋದು, ವಾರಕ್ಕೊಂದು ಪ್ರಬಂಧ ಬರೆದು ಟೀಚರ್ ಸಾಲುಸಾಲಾಗಿ ತಿದ್ದಿ ಕೊಡೋದು, ನನ್ನ ಮಗ ಬರೆಯೋದು ಕಲಿತದ್ದು ಹಾಗೇ. ಅವನಿಗೆ ಐವಿ ಸಿಗಲಿಲ್ಲ, ಸ್ಟೇಟ್ ಯೂನಿವರ್ಸಿಟಿಗೆ ಹೋದ, ಆ ಬರವಣಿಗೆ ಅವನ ಜೊತೆಗೇ ಹೋಯ್ತು. ಆದ್ರೆ ಫೀಸು ಕಟ್ಟೋಕೆ ಮನೆ ಮೇಲೆ ಸಾಲ ತಗೋಬೇಕು ಅಂತಿದ್ರೆ ಬೇಡಮ್ಮ, ಐವಿ ಕಾಲೇಜುಗಳ ಖರ್ಚೇ ಈಗ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸಲ್ಲಿದೆ, ಅಲ್ಲಿಗೆ ಹೋಗುವಾಗ ಕೈ ಬರಿದಾಗಿರಬಾರದು.

ಸ್ಕೂಲಿನವರ ಹತ್ರ ಹೋದಾಗ ಸಂಕೋಚ ಬಿಟ್ಟು ಕೇಳಿ. ಲಿಸ್ಟು ಎಷ್ಟು ವರ್ಷದ್ದು, ಹೋದ ವರ್ಷ ಒಂದರಲ್ಲೇ ಎಷ್ಟು ಜನ, ಮತ್ತೆ ಕ್ಲಾಸಿನ ನಡುವಿನ ಮಕ್ಕಳು ಎಲ್ಲಿಗೆ ಹೋದ್ರು. ಈ ಕೊನೇ ಪ್ರಶ್ನೆಗೆ ಅವರು ತಡವರಿಸದೆ ಉತ್ತರ ಕೊಟ್ರೆ ಒಳ್ಳೇ ಸ್ಕೂಲು ಅಂತ ನಾನು ತಿಳ್ಕೋತೀನಿ. ಮತ್ತೆ ಮಗಳನ್ನ ಒಂದು ದಿನ ಅಲ್ಲಿ ಕ್ಲಾಸಲ್ಲಿ ಕೂರೋಕೆ ಬಿಡಿ, ಸಂಜೆ ಕಾರಲ್ಲಿ ಅವಳು ಏನು ಮಾತಾಡ್ತಾಳೆ ಕೇಳಿಸ್ಕೊಳ್ಳಿ.

ಪ್ರಶ್ನೆ: ಅರ್ಲಿ ಡಿಸಿಷನ್ (ಒಂದೇ ಕಾಲೇಜಿಗೆ ಎಲ್ಲರಿಗಿಂತ ಮುಂಚೆ ಹಾಕೋ ಅರ್ಜಿ) ಹಾಕಿದ್ರೆ ಚಾನ್ಸ್ ಜಾಸ್ತಿ ಅಂತ ಸ್ಕೂಲಲ್ಲಿ ಹೇಳ್ತಿದಾರೆ. ನಮಗೆ ಸ್ಕಾಲರ್‌ಶಿಪ್ ಇಲ್ದೆ ಆಗಲ್ಲ. ಹಾಕೋದಾ?
– ಓದುಗರೊಬ್ಬರು, ಬಾಸ್ಟನ್

ಉತ್ತರ: ಚಾನ್ಸ್ ಜಾಸ್ತಿ ಅನ್ನೋದು ನಿಜ ಸಾರ್, ಎಷ್ಟೋ ಕಾಲೇಜುಗಳು ಅರ್ಧದಷ್ಟು ಸೀಟು ಅಲ್ಲೇ ತುಂಬಿಸ್ಕೊಂಡುಬಿಡ್ತವೆ. ಆದ್ರೆ ಸಿಕ್ರೆ ಹೋಗಲೇಬೇಕು ಅನ್ನೋ ಕರಾರು, ಬೇರೆ ಕಾಲೇಜು ಎಷ್ಟು ಕೊಡ್ತಿತ್ತು ಅಂತ ಹೋಲಿಸಿ ನೋಡೋ ಅವಕಾಶ ಹೋಗತ್ತೆ. ಈ ಅರ್ಜಿಗೆ ಸಾಮಾನ್ಯವಾಗಿ ಕೊನೇ ದಿನ ನವೆಂಬರ್ 1, ಅದಕ್ಕೆ ಮುಂಚೆ ಆ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರಲ್ಲಿ, ಅಂದ್ರೆ ಸ್ಕಾಲರ್‌ಶಿಪ್ ಕಳೆದು ನಿಮಗೆ ಎಷ್ಟು ಬೀಳಬಹುದು ಅಂತ ತೋರಿಸೋ ಲೆಕ್ಕದಲ್ಲಿ, ನಿಮ್ಮ ಆದಾಯ, ಉಳಿತಾಯ ಎಲ್ಲ ಹಾಕಿ ನೋಡಿ, 2011ರಿಂದ ಕಾನೂನಿನ ಪ್ರಕಾರ ಕಾಲೇಜುಗಳು ಅದನ್ನ ವೆಬ್‌ಸೈಟಲ್ಲಿ ಇಡಲೇಬೇಕು. ಬಂದ ಮೊತ್ತ ಕಟ್ಟೋ ಹಾಗಿದ್ರೆ ಹಾಕಿ. ಕಟ್ಟಕ್ಕಾಗಲ್ಲ ಅನ್ಸಿದ್ರೆ, ಎಷ್ಟೇ ಒಳ್ಳೇ ಕಾಲೇಜಾಗಿರಲಿ, ಆಮೇಲಿನ ರೆಗ್ಯುಲರ್ ಸುತ್ತಲ್ಲೇ ಹಾಕ್ಸಿ.

ಪ್ರಶ್ನೆ: ಆಂಟಿ, ನಾನು ಕ್ಯಾಲಿಫೋರ್ನಿಯಾದಲ್ಲಿ ಪ್ರೈವೇಟ್ ಸ್ಕೂಲಲ್ಲಿ ಸೀನಿಯರ್. ಸ್ಟ್ಯಾನ್‌ಫರ್ಡ್ ಅರ್ಲೀಲೇ ರಿಜೆಕ್ಟ್ ಮಾಡ್ತು. ನನ್ನ ಕ್ಲಾಸಲ್ಲೇ ಇಬ್ಬರಿಗೆ ಸಿಕ್ಕಿದೆ, ಅವರಿಗಿಂತ ನನ್ನ ಜಿಪಿಎ ಜಾಸ್ತಿ. ಅಪ್ಪ ಅಮ್ಮ ಕಟ್ಟಿದ ದುಡ್ಡೆಲ್ಲ ನನ್ನಿಂದ ವೇಸ್ಟ್ ಆಯ್ತು ಅನ್ಸತ್ತೆ. ಅವತ್ತಿಂದ ಅಮ್ಮ ಆ ವಿಷಯಾನೇ ಎತ್ತಿಲ್ಲ.
– ಹೆಸರು ಬೇಡ

ಉತ್ತರ: ಮಗೂ, ನಿನ್ನ ಕಾಗದ ಎರಡು ಸಲ ಓದಿದೆ. ಆ ಸಂಜೆ ಫೋನಲ್ಲಿ ಪೋರ್ಟಲ್ ತೆಗೆದು, ಮೊದಲನೇ ಸಾಲು ನೋಡಿದ್ ಕೂಡ್ಲೇ ಗೊತ್ತಾಗಿಬಿಡತ್ತಲ್ಲ, ಅಷ್ಟರಲ್ಲೇ ಗ್ರೂಪಲ್ಲಿ ಬೇರೆಯವರ ಕಂಗ್ರಾಟ್ಸ್ ಬರೋಕೆ ಶುರುವಾಗಿರತ್ತೆ. ನನ್ನ ಮಗನೂ ರಿಜೆಕ್ಷನ್ ಬಂದ ರಾತ್ರಿ ಊಟ ಮಾಡಲಿಲ್ಲ. ನಿನ್ನ ನೋವು ಚಿಕ್ಕದು ಅಂತ ನಾನಂತೂ ಹೇಳಲ್ಲ. ಓದಲ್ಲಿ ಮುಂದಿರೋ ಹೆಸರುವಾಸಿ ಸ್ಕೂಲುಗಳ ಮಕ್ಕಳ ಮೇಲೆ ಬೀಳೋ ಒತ್ತಡ ಆರೋಗ್ಯಕ್ಕೇ ಅಪಾಯ ಅಂತ 2019ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ವರದಿಯಲ್ಲೇ ಬಂದಿದೆ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ ಅಂದ್ರೆ ಕಾಯ್ತಾ ಕೂರಬೇಡ, ಸ್ಕೂಲಲ್ಲಿ ನಿನಗೆ ನಂಬಿಕೆ ಇರೋ ಒಬ್ಬ ದೊಡ್ಡವರಿಗೆ ನಾಳೆನೇ ಹೇಳು.

ಆ ಇಬ್ಬರು ಹೇಗೆ ಸಿಕ್ಕಿಸ್ಕೊಂಡ್ರು ಅಂತ ಲೆಕ್ಕ ಹಾಕೋದು ಬಿಡು, ಅವರ ಫೈಲಲ್ಲಿ ಏನಿತ್ತು ಅಂತ ನಿನಗೂ ಕಾಣಲ್ಲ ನನಗೂ ಕಾಣಲ್ಲ. ಒಂದು ಮಾತು ಮಾತ್ರ ತಿಳ್ಕೋ. ಸ್ಟೇಸಿ ಡೇಲ್, ಆಲನ್ ಕ್ರೂಗರ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಅಧ್ಯಯನ ಮಾಡಿದ್ರು, ಒಂದೇ ಥರ ಸ್ಕೋರ್ ಇದ್ದು, ಒಂದೇ ಥರ ಕಾಲೇಜುಗಳಿಗೆ ಅರ್ಜಿ ಹಾಕಿದ ಮಕ್ಕಳು ಕೊನೆಗೆ ಯಾವ ಕಾಲೇಜಿಗೆ ಹೋದ್ರೂ ಮುಂದೆ ಅವರ ಸಂಪಾದನೇಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಯಿಂದ ಬಂದ ಮಕ್ಕಳಿಗೆ ಮಾತ್ರ ಹೆಸರಿನ ಕಾಲೇಜಿಂದ ಹೆಚ್ಚು ಅನುಕೂಲ ಆಯ್ತು. ಅಂದ್ರೆ ಅಲ್ಲಿಗೆ ಅರ್ಜಿ ಹಾಕೋ ಮಟ್ಟಕ್ಕೆ ನಿನ್ನನ್ನ ತಂದ ಬುದ್ಧಿ, ಹಠ ಇವೆಯಲ್ಲ, ಅದು ಆ ರಿಜೆಕ್ಷನ್ ಜೊತೆ ಎಲ್ಲೂ ಹೋಗಿಲ್ಲ.

ಯುಸಿಗೆ, ಅಂದ್ರೆ ನಿಮ್ಮ ರಾಜ್ಯದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಹಾಕಿರ್ತೀಯ ಅಂದ್ಕೋತೀನಿ. ಅಲ್ಲಿ ಲೆಗಸಿ ನೋಡಲ್ಲ, ಸ್ಯಾಟ್ ಕೂಡ ನೋಡಲ್ಲ, ಲೆಕ್ಕಾಚಾರವೇ ಬೇರೆ, ಉತ್ತರ ಮಾರ್ಚಲ್ಲಿ ಬರತ್ತೆ. ಜನವರಿ ಮೊದಲ ವಾರದೊಳಗೆ ಕಳಿಸಬೇಕಾದ ಉಳಿದ ಅರ್ಜಿಗಳನ್ನ ಕೌನ್ಸೆಲರ್ ಜೊತೆ ಕೂತು ಇನ್ನೊಂದು ಸಲ ನೋಡು, ಅದರಲ್ಲಿ ಎರಡಾದರೂ ನಿನಗೆ ಖಂಡಿತ ಸಿಗೋಂಥವು, ಹೋಗೋಕೆ ನಿನಗೂ ಇಷ್ಟ ಇರೋಂಥವು ಇರಲಿ. ಅಲ್ಲೀ ತನಕ ಆ ಗ್ರೂಪನ್ನ ಮ್ಯೂಟ್ ಮಾಡಿಡು.

ಅಮ್ಮನ ವಿಷಯ. ನಾನೂ ಆಗ ಹದಿನೈದು ದಿನ ಮಗನ ಹತ್ರ ಆ ಮಾತೆತ್ತಲಿಲ್ಲ. ದುಡ್ಡು ಹೋಯ್ತು ಅನ್ನೋ ಬೇಜಾರಿಗಲ್ಲ, ಬಾಯಿ ಬಿಟ್ರೆ ಎಲ್ಲಿ ಅವನಿಗೆ ಇನ್ನಷ್ಟು ನೋವಾಗತ್ತೋ ಅನ್ನೋ ಹೆದರಿಕೆಗೆ. ಅವನು ನಾನು ಸಿಟ್ಟಾಗಿದೀನಿ ಅಂದ್ಕೊಂಡಿದ್ನಂತೆ, ಇಬ್ಬರೂ ಒಂದೇ ಮನೇಲಿ ಸುಮ್ಮನೆ ಓಡಾಡ್ತಿದ್ವಿ. ಇವತ್ತು ರಾತ್ರಿ ನಿಮ್ಮಮ್ಮ ಪಾತ್ರೆ ತೊಳೆಯೋವಾಗ ಪಕ್ಕದಲ್ಲಿ ನಿಂತ್ಕೊಂಡು ಒಂದೊಂದೇ ಒರೆಸಿ ಇಡ್ತಾ, ನೀನೇ ಮಾತು ತೆಗಿ.